‘ಬಟ್’ ಆದ ಮೇಲೆ ಬರುವ ‘ಲೀ’

ಕಾಪು ಹತ್ತಿರ ನಮ್ಮ ಅಕ್ಕನ ಮನೆ ಇದೆ. ಹೆಂಚಿನ ಮನೆ. ಮುಂದೆ ಚಾವಡಿ, ಹಿಂದೆ ಬಾವಿ, ಪಕ್ಕದಲ್ಲಿ ನಾಲ್ಕು ಸಾಲು ಮಲ್ಲಿಗೆ ಗಿಡ. ಕಳೆದ ಬೇಸಿಗೆಯಲ್ಲಿ ಅಕ್ಕನ ಮಗಳು ಅದನ್ನು ಹೋಮ್‌ಸ್ಟೇ ಮಾಡಲು ಹೊರಟಳು. ಬರುವವರಿಗೆ ಮನೆಯ ಪರಿಚಯ ಆಗಲಿ ಅಂತ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ನನಗೆ ಕಳಿಸಿದಳು. ಮೊದಲ ಸಾಲು ಹೀಗಿತ್ತು: ‘ಆ್ಯನ್ ಓಲ್ಡ್ ಬಟ್ ಬ್ಯೂಟಿಫುಲ್ ಮೈಂಟೈನ್ಡ್ ಹೌಸ್.’

ನಾನು ‘ಬ್ಯೂಟಿಫುಲ್’ ಹೊಡೆದುಹಾಕಿ ‘ಬ್ಯೂಟಿಫುಲಿ’ ಅಂತ ತಿದ್ದಿ ವಾಪಸ್ ಕಳಿಸಿದೆ. ಎರಡೇ ನಿಮಿಷದಲ್ಲಿ ಫೋನ್ ಬಂತು.

“ಮಾಮ, ಒಂದು ಡೌಟ್ ಉಂಟು. ‘ಓಲ್ಡ್’ಗೆ ಲೀ ಇಲ್ಲ. ‘ಬ್ಯೂಟಿಫುಲ್’ಗೆ ಮಾತ್ರ ಯಾಕೆ? ಎರಡೂ ಮನೆಗೇ ಹೇಳಿದ್ದಲ್ವಾ?”

ಇಷ್ಟು ವರ್ಷ ಇಂಗ್ಲಿಷ್ ಪಾಠ ಮಾಡಿದ ನನಗೆ ಯಾವ ಮಕ್ಕಳೂ ಇದನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ. “ರೂಲ್ ಹಾಗೆ” ಅಂದುಬಿಟ್ಟರೆ ಪ್ರಶ್ನೆಗೆ ಮರ್ಯಾದೆ ಕೊಟ್ಟ ಹಾಗೆ ಆಗುವುದಿಲ್ಲ. ಅವಳಿಗೆ ಅವತ್ತು ಫೋನಿನಲ್ಲಿ ಅರ್ಧ ಹೇಳಿದೆ. ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಬೇಕಾದ ಎಲ್ಲರೂ ಒಮ್ಮೆಯಾದರೂ ಎಡವುವ ಜಾಗ ಇದು.

“ಎರಡೂ ಮನೆಗೇ ಹೇಳಿದ್ದು” ಅಂತ ಅವಳು ಅಂದಳಲ್ಲ, ಗೊಂದಲ ಇರುವುದು ಅಲ್ಲೇ. ಹಳೆಯದು ಯಾವುದು? ಮನೆ. ಸರಿ. ಅಂದವಾದದ್ದು ಯಾವುದು? ಅವಳ ವಾಕ್ಯದ ಪ್ರಕಾರ ಮನೆ ಅಲ್ಲ. ಮನೆಯನ್ನು ಇಟ್ಟುಕೊಂಡ ರೀತಿ. ‘ಬ್ಯೂಟಿಫುಲಿ’ ನೇರವಾಗಿ ಮನೆಗೆ ಅಂಟುವುದಿಲ್ಲ. ಅದು ‘ಮೈಂಟೈನ್ಡ್’ಗೆ ಅಂಟುತ್ತದೆ. ಆ ಎರಡೂ ಒಂದು ಜೋಡಿಯಾಗಿ ಹೋಗಿ ಮನೆಗೆ ಅಂಟುತ್ತವೆ. ‘ಓಲ್ಡ್’ ಒಂಟಿಯಾಗಿ ಮನೆಗೆ ಅಂಟುತ್ತದೆ. ನಡುವೆ ‘ಬಟ್’ ನಿಂತು ಈ ಕಡೆ ಒಂಟಿ, ಆ ಕಡೆ ಜೋಡಿ, ಎರಡನ್ನೂ ಎದುರುಬದುರು ಇಡುತ್ತದೆ.

ಇದನ್ನು ಕನ್ನಡದಲ್ಲಿ ಹೇಳಿನೋಡಿ. ‘ಹಳೆಯದಾದರೂ ಅಂದವಾಗಿ ನೋಡಿಕೊಂಡ ಮನೆ.’ ಯಾರಾದರೂ ‘ಹಳೆಯದಾದರೂ ಅಂದವಾದ ನೋಡಿಕೊಂಡ ಮನೆ’ ಅನ್ನುತ್ತಾರಾ? ಐದು ವರ್ಷದ ಮಗು ಕೂಡ ಅನ್ನುವುದಿಲ್ಲ. ‘ಆದ’ ಬಂದರೆ ಅದು ಹೆಸರಿಗೆ ಸೇರುತ್ತದೆ: ಅಂದವಾದ ಮನೆ. ‘ಆಗಿ’ ಬಂದರೆ ಅದು ಕೆಲಸಕ್ಕೆ ಸೇರುತ್ತದೆ: ಅಂದವಾಗಿ ನೋಡಿಕೊಂಡ. ಇಂಗ್ಲಿಷಿನ ‘ಬ್ಯೂಟಿಫುಲ್’ ಮತ್ತು ‘ಬ್ಯೂಟಿಫುಲಿ’ ನಡುವೆ ಇರುವ ವ್ಯತ್ಯಾಸ ಇದೇ. ತುಳುವಿನಲ್ಲೂ ಹಾಗೇ ಅಲ್ವಾ? ‘ಪೊರ್ಲುದ ಇಲ್ಲ್’ ಅನ್ನುತ್ತೇವೆ, ಆದರೆ ಮಾಡಿದ್ದರ ಬಗ್ಗೆ ಹೇಳುವಾಗ ‘ಪೊರ್ಲುಡು ಮಲ್ತಿನ’ ಅನ್ನುತ್ತೇವೆ. ಒಂದು ಅಕ್ಷರ ಬದಲಾಗುತ್ತದೆ, ಅಂಟಿಕೊಳ್ಳುವ ಜಾಗ ಬದಲಾಗುತ್ತದೆ.

ಹಾಗಾಗಿ ನಾನು ಮಕ್ಕಳಿಗೆ ಹೇಳುವುದು ಇಷ್ಟು. ‘ಬಟ್’ ಆದ ಮೇಲೆ ಬರುವ ಮಾತನ್ನು ಒಮ್ಮೆ ಮನಸ್ಸಿನಲ್ಲಿ ಕನ್ನಡ ಮಾಡಿ. ‘ಆಗಿ’ ಬಂತಾ? ಲೀ ಬೇಕು. ‘ಆದ’ ಬಂತಾ? ಲೀ ಬೇಡ. ಕೆಲವು ಕಡೆ ‘ಆಗಿ’ ಬದಲು ‘ಗೆ’ ಬರುತ್ತದೆ: ನುಣ್ಣಗೆ ರುಬ್ಬಿದ, ತೆಳ್ಳಗೆ ಹೆಚ್ಚಿದ. ಅದೂ ಲೀ ಜಾತಿಯೇ. ‘ಫೈನ್ಲಿ ಗ್ರೌಂಡ್’, ‘ತಿನ್ಲಿ ಸ್ಲೈಸ್ಡ್’. ನಮ್ಮ ಅಡುಗೆಮನೆಯಲ್ಲಿ ಇಂಥ ಜೋಡಿಗಳು ರಾಶಿ ಬಿದ್ದಿವೆ. ಹದವಾಗಿ ಹುರಿದ ಮೆಣಸು, ಗರಿಗರಿಯಾಗಿ ಕರಿದ ಗೋಳಿಬಜೆ, ನುಣ್ಣಗೆ ರುಬ್ಬಿದ ನೀರುದೋಸೆ ಹಿಟ್ಟು. ಬಾಯಲ್ಲಿ ದಿನಾ ಓಡಾಡುವ ಈ ವ್ಯಾಕರಣವನ್ನು ನಾವು ಇಂಗ್ಲಿಷ್ ಪುಸ್ತಕ ತೆರೆದ ಕೂಡಲೇ ಮರೆತುಬಿಡುತ್ತೇವೆ.

ಈಗ ‘ಮೈಂಟೈನ್ಡ್’ ಅನ್ನುವ ಪದದ ಬಗ್ಗೆ. ಶಾಲೆಯಲ್ಲಿ ಎಲ್ಲರೂ ‘ಗೋ, ವೆಂಟ್, ಗಾನ್’ ಅಂತ ಬಾಯಿಪಾಠ ಮಾಡಿದವರೇ. ಆ ಮೂರನೆಯ ರೂಪ, ವೀ-ತ್ರೀ, ಅದೇ ಪಾಸ್ಟ್ ಪಾರ್ಟಿಸಿಪಲ್. ಬಿಲ್ಟ್, ರಿಟನ್, ಪೇಂಟೆಡ್, ಮೈಂಟೈನ್ಡ್. ಪಾರ್ಟಿಸಿಪಲ್ ಅನ್ನುವ ಹೆಸರಿನ ಮೂಲ ಲ್ಯಾಟಿನ್. ಅದರ ಅರ್ಥ ಪಾಲು ಹಂಚಿಕೊಳ್ಳುವುದು. ಹೆಸರು ಚೆನ್ನಾಗಿ ಹೊಂದುತ್ತದೆ. ಈ ರೂಪಕ್ಕೆ ಎರಡು ಮನೆಯಲ್ಲೂ ಪಾಲಿದೆ. ಹುಟ್ಟಿದ್ದು ಕ್ರಿಯಾಪದದ ಮನೆಯಲ್ಲಿ. ಕೆಲಸ ಮಾಡುವುದು ಹೆಸರಿನ ಮುಂದೆ, ವಿಶೇಷಣದ ಜಾಗದಲ್ಲಿ. ಹುಟ್ಟಿದ ಮನೆಯ ನೆನಪು ಇರುವುದರಿಂದ ಅದಕ್ಕೆ ‘ಹೇಗೆ ಮಾಡಿದ್ದು, ಯಾವಾಗ ಮಾಡಿದ್ದು, ಎಷ್ಟು ಮಾಡಿದ್ದು’ ಅನ್ನುವ ಪ್ರಶ್ನೆ ಕೇಳಬಹುದು. ಆ ಪ್ರಶ್ನೆಗೆ ಉತ್ತರ ಕೊಡುವುದು ಆ್ಯಡ್ವರ್ಬ್, ನಮ್ಮ ಕ್ರಿಯಾವಿಶೇಷಣ. ‘ಓಲ್ಡ್’ ಹಾಗಲ್ಲ. ಇವತ್ತಿನ ಇಂಗ್ಲಿಷಿನಲ್ಲಿ ಅದರ ಹಿಂದೆ ಯಾವ ಕೆಲಸವೂ ಕಾಣುವುದಿಲ್ಲ. ‘ಹೇಗೆ ಹಳೆಯದು ಮಾಡಿದರು?’ ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ಅದಕ್ಕೆ ಲೀ ಬೇಕಾಗಲಿಲ್ಲ.

ನಮ್ಮ ‘ಕಟ್ಟಿದ, ಬರೆದ, ನೇಯ್ದ’ ಇವೂ ಇದೇ ಥರದ ಪದಗಳು. ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣಗಳು ಇವನ್ನು ‘ರಿಲೇಟಿವ್ ಪಾರ್ಟಿಸಿಪಲ್’ ಅನ್ನುತ್ತವೆ. ಆ ಕೆಲಸದಲ್ಲಿ ನಮ್ಮ ಮಂಗಳೂರಿಗೂ ಪಾಲಿದೆ. ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಇಲ್ಲಿನ ಬಾಸೆಲ್ ಮಿಷನ್‌ನಿಂದ ಹೊರಬಂತು. ಅವರ ಕನ್ನಡ ವ್ಯಾಕರಣ 1903ರಲ್ಲಿ ಬಂತು. ಎರಡು ಭಾಷೆಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಈ ಊರಿಗೆ ಹೊಸತಲ್ಲ.

ಅಕ್ಕಪಕ್ಕ ಇಟ್ಟು ನೋಡಿದಾಗ ಒಂದು ದೊಡ್ಡ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ‘ಪತ್ರ ಬರೆದ ಹುಡುಗ’, ‘ಹುಡುಗ ಬರೆದ ಪತ್ರ’, ‘ಪತ್ರ ಬರೆದ ಪೆನ್ನು’. ಮೂರಕ್ಕೂ ನಮಗೆ ‘ಬರೆದ’ ಒಂದೇ ಸಾಕು. ಇಂಗ್ಲಿಷಿನ ‘ರಿಟನ್’ ಪತ್ರಕ್ಕೆ ಮಾತ್ರ ಆಗುತ್ತದೆ. ಹುಡುಗನಿಗೂ ಇಲ್ಲ, ಪೆನ್ನಿಗೂ ಇಲ್ಲ. ಸಾಮಾನ್ಯವಾಗಿ ಕೆಲಸ ಯಾರ ಮೇಲೆ ನಡೆಯಿತೋ ಅವರಿಗೆ ವೀ-ತ್ರೀ. ಆದರೆ ಆ್ಯಡ್ವರ್ಬ್ ಜೊತೆಗಿದ್ದಾಗ ಕೆಲವು ಕಡೆ ಈ ಬಾಗಿಲು ಸ್ವಲ್ಪ ತೆರೆದುಕೊಳ್ಳುತ್ತದೆ. ‘ಯಂಗ್ ಬಟ್ ವೆಲ್-ರೆಡ್’ ಅಂದರೆ ಚಿಕ್ಕ ವಯಸ್ಸಾದರೂ ಚೆನ್ನಾಗಿ ಓದಿಕೊಂಡವಳು. ಅವಳನ್ನು ಯಾರೂ ಓದಲಿಲ್ಲ, ಅವಳೇ ಓದಿದ್ದು. ‘ಸಾಫ್ಟ್-ಸ್ಪೋಕನ್’, ‘ವೆಲ್-ಟ್ರಾವೆಲ್ಡ್’, ‘ವೆಲ್-ಬಿಹೇವ್ಡ್’ ಇವೂ ಹಾಗೆಯೇ. ಇಲ್ಲಿ ಇಂಗ್ಲಿಷ್ ನಮ್ಮ ‘ಓದಿದ ಹುಡುಗಿ’ಯ ಹತ್ತಿರ ಬರುತ್ತದೆ. ಆ್ಯಡ್ವರ್ಬ್ ತೆಗೆದರೆ ಮತ್ತೆ ದೂರ ಹೋಗುತ್ತದೆ. ಬರೀ ‘ಎ ರೆಡ್ ಗರ್ಲ್’ ಅಂದರೆ ಆ ಅರ್ಥವೇ ಉಳಿಯುವುದಿಲ್ಲ. ಕಿವಿಗೆ ಕೆಂಪು ಬಣ್ಣ ಅಂತ ಕೇಳಿಸುತ್ತದೆ.

ಆ್ಯಡ್ವರ್ಬ್ ತೆಗೆದರೆ ಅರ್ಥ ಕುಸಿಯುವುದು ಇಲ್ಲಿ ಮಾತ್ರ ಅಲ್ಲ. ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಇದೇ. ಸ್ವಲ್ಪ ನಿಧಾನವಾಗಿ ನೋಡೋಣ.

ಕಾಪುವಿನ ದೀಪಸ್ತಂಭ ಕಟ್ಟಿದ್ದು 1901ರಲ್ಲಿ. ಸಮುದ್ರಕ್ಕೆ ಅಂಟಿಕೊಂಡ ಬಂಡೆಯ ಮೇಲೆ ನಿಂತಿದೆ. ಇಷ್ಟು ಮಳೆಗಾಲದ ಅಲೆಗಳ ಏಟು ನೋಡಿದೆ. ಅದನ್ನು ‘ಆ್ಯನ್ ಓಲ್ಡ್ ಬಟ್ ಸಾಲಿಡ್ಲಿ ಬಿಲ್ಟ್ ಲೈಟ್‌ಹೌಸ್’ ಅನ್ನಬಹುದು. ಈಗ ‘ಸಾಲಿಡ್ಲಿ’ ತೆಗೆಯಿರಿ. ‘ಆ್ಯನ್ ಓಲ್ಡ್ ಬಟ್ ಬಿಲ್ಟ್ ಲೈಟ್‌ಹೌಸ್.’ ಹಳೆಯದಾದರೂ ಕಟ್ಟಿದ ದೀಪಸ್ತಂಭ! ಕಟ್ಟದೆ ಇರುವ ದೀಪಸ್ತಂಭ ಎಲ್ಲಿದೆ? ದೀಪಸ್ತಂಭ ಅಂದ ಕೂಡಲೇ ಕಟ್ಟಿದ್ದು ಅಂತ ಗೊತ್ತಾಯಿತು. ‘ಬಿಲ್ಟ್’ ಹೊಸದಾಗಿ ಏನನ್ನೂ ಹೇಳುತ್ತಿಲ್ಲ. ಹೊಸದನ್ನು ಹೇಳುತ್ತಿದ್ದದ್ದು ‘ಸಾಲಿಡ್ಲಿ’. ‘ಬಟ್’ ಅನ್ನುವ ಪದ ಎರಡು ವಿಷಯಗಳನ್ನು ಎದುರು ನಿಲ್ಲಿಸುತ್ತದೆ. ಹಳೆಯದು ಅಂದರೆ ಶಿಥಿಲ ಆಗಿರಬಹುದು ಅಂತ ಓದುವವರು ಅಂದುಕೊಳ್ಳುತ್ತಾರೆ. ‘ಹಾಗಲ್ಲ, ಗಟ್ಟಿ’ ಅಂತ ಎದುರು ಹೇಳಬೇಕು. ಆ ಗಟ್ಟಿತನ ಇರುವುದು ಆ್ಯಡ್ವರ್ಬಿನಲ್ಲಿ. ಅಂದರೆ ‘ಬಟ್’ನ ಆ ಕಡೆಯ ಭಾರ ಹೊರುತ್ತಿರುವುದು ಪಾರ್ಟಿಸಿಪಲ್ ಅಲ್ಲ, ಅದರ ಮುಂದೆ ಇರುವ ಸಣ್ಣ ಪದ.

1993ರಲ್ಲಿ ಜೇನ್ ಗ್ರಿಮ್‌ಶಾ ಮತ್ತು ಸ್ಟೆನ್ ವಿಕ್ನರ್ ಅನ್ನುವ ಇಬ್ಬರು ಭಾಷಾವಿಜ್ಞಾನಿಗಳು ಇದರ ಬಗ್ಗೆಯೇ ಒಂದು ಪ್ರಬಂಧ ಬರೆದರು. ಅವರ ವಾದ ಸರಳವಾಗಿ ಹೀಗಿದೆ. ಕಟ್ಟುವುದು, ರಚಿಸುವುದು ಇಂಥ ಕೆಲಸಗಳು ಇಲ್ಲದ ವಸ್ತುವನ್ನು ಉಂಟುಮಾಡುತ್ತವೆ. ಇವುಗಳಲ್ಲಿ ಎರಡು ಭಾಗ ಇದೆ: ಕೆಲಸ ನಡೆಯುವ ಭಾಗ, ವಸ್ತು ಸಿದ್ಧವಾಗಿ ನಿಂತ ಭಾಗ. ‘ಮನೆ’ ಅನ್ನುವ ಪದ ಸಿದ್ಧವಾದ ವಸ್ತುವನ್ನು ತೋರಿಸುತ್ತದೆ. ಕೆಲಸ ನಡೆದ ಭಾಗವನ್ನು ತೋರಿಸಲು ಬೇರೆ ಏನಾದರೂ ಬೇಕು. ಯಾರು ಕಟ್ಟಿದ್ದು, ಯಾವಾಗ, ಹೇಗೆ. ಅದು ಇಲ್ಲದಿದ್ದರೆ ಮಾತು ಅರ್ಧಕ್ಕೆ ನಿಂತ ಹಾಗೆ ಅನಿಸುತ್ತದೆ. ಅದಕ್ಕೇ ‘ಎ ಬಿಲ್ಟ್ ಹೌಸ್’ ಅಂದರೆ ಕಿವಿಗೆ ಚುಚ್ಚುತ್ತದೆ, ‘ಎ ರೀಸೆಂಟ್ಲಿ ಬಿಲ್ಟ್ ಹೌಸ್’ ಅಂದರೆ ಸರಿಹೋಗುತ್ತದೆ. ಸಾಮಾನ್ಯವಾಗಿ ಆ್ಯಡ್ವರ್ಬ್ ಅಂದರೆ ಬೇಕಾದರೆ ಇಡು, ಬೇಡವಾದರೆ ಬಿಡು ಅನ್ನುವ ಪದ ಅಂತ ಶಾಲೆಯಲ್ಲಿ ಹೇಳುತ್ತಾರೆ. ಇಲ್ಲಿ ಹಾಗಲ್ಲ. ಇಲ್ಲಿ ಅದು ಬೇಕೇ ಬೇಕು.

ಇದಕ್ಕೆ ವಿರುದ್ಧವಾಗಿ, ಈಗಾಗಲೇ ಇರುವ ವಸ್ತುವನ್ನು ಬದಲಿಸುವ ಕೆಲಸಗಳಿಗೆ ಆ್ಯಡ್ವರ್ಬ್ ಇಲ್ಲದೆಯೂ ನಡೆಯುತ್ತದೆ. ‘ಓಲ್ಡ್ ಬಟ್ ರೆನೊವೇಟೆಡ್ ಹೌಸ್’ ಸರಿಯಾಗಿಯೇ ಇದೆ. ಎಲ್ಲ ಹಳೆ ಮನೆಗಳನ್ನೂ ರಿಪೇರಿ ಮಾಡಿ ಹೊಸದು ಮಾಡಿರುವುದಿಲ್ಲ. ಹಾಗಾಗಿ ‘ರೆನೊವೇಟೆಡ್’ ಒಂದೇ ಪದಕ್ಕೆ ಹೇಳಲು ಒಂದು ವಿಷಯ ಇದೆ. ‘ಟೈರ್ಡ್ ಬಟ್ ಸ್ಯಾಟಿಸ್ಫೈಡ್’ ಕೂಡ ಹಾಗೆಯೇ.

ನಡುವೆ ಕೆಲವು ಪದಗಳಿವೆ, ಅವು ಜಾಗ ನೋಡಿ ನಡೆಯುತ್ತವೆ. ಮಂಗಳೂರಿನ ಬಾವುಟಗುಡ್ಡೆಗೆ ಹೋದವರು ಸಂತ ಅಲೋಶಿಯಸ್ ಚಾಪೆಲ್ ನೋಡಿರುತ್ತೀರಿ. ಹೊರಗಿನಿಂದ ನೋಡಿದರೆ ತುಂಬಾ ಸಾದಾ. ಒಳಗೆ ಕಾಲಿಟ್ಟರೆ ಗೋಡೆ, ಛಾವಣಿ ತುಂಬ ಚಿತ್ರಗಳು. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ ಅವರ ಕೈಕೆಲಸ. ಅದನ್ನು ‘ಎ ಪ್ಲೇನ್ ಬಟ್ ಪೇಂಟೆಡ್ ಬಿಲ್ಡಿಂಗ್’ ಅಂದರೆ ಓದುವವನಿಗೆ ಏನು ಸಿಗುತ್ತದೆ? ಬಣ್ಣ ಬಳಿದ ಕಟ್ಟಡ. ಊರಿನ ಎಲ್ಲ ಕಟ್ಟಡಕ್ಕೂ ಬಣ್ಣ ಬಳಿದಿರುತ್ತಾರೆ. ‘ಪ್ಲೇನ್ ಆನ್ ದ ಔಟ್‌ಸೈಡ್ ಬಟ್ ರಿಚ್ಲಿ ಪೇಂಟೆಡ್ ವಿದಿನ್’ ಅನ್ನಿ. ಆಗ ಒಳಗೆ ಕಾಲಿಟ್ಟ ಕ್ಷಣ ಓದುವವನಿಗೂ ಸಿಗುತ್ತದೆ. ‘ಪೇಂಟೆಡ್’ ಪದದ ಅರ್ಥವೇ ಬದಲಾಯಿತು ನೋಡಿ. ಬಣ್ಣ ಬಳಿಯುವುದರಿಂದ ಚಿತ್ರ ಬರೆಯುವ ಕಡೆಗೆ ಅದನ್ನು ಎಳೆದುಕೊಂಡು ಹೋದದ್ದು ‘ರಿಚ್ಲಿ’.

ಮತ್ತೆ ಅಕ್ಕನ ಮಗಳ ವಾಕ್ಯಕ್ಕೆ ಬರೋಣ. ಅವಳು ಇನ್ನೊಂದು ಒಳ್ಳೆಯ ಮಾತು ಕೇಳಿದಳು. “ಆದರೆ ಮಾಮ, ಮನೆ ಚೆಂದವೂ ಉಂಟಲ್ಲ? ನಾನು ಅದನ್ನೇ ಹೇಳಬೇಕು ಅಂದ್ರೆ?”

ಹೇಳಬಹುದು. ಆಗ ‘ಓಲ್ಡ್ ಬಟ್ ಬ್ಯೂಟಿಫುಲ್, ವೆಲ್-ಮೈಂಟೈನ್ಡ್ ಹೌಸ್’ ಅನ್ನಬೇಕು. ಈ ಸಲ ‘ಬ್ಯೂಟಿಫುಲ್’ ನೇರ ಮನೆಗೆ ಹೋಗಿ ಅಂಟಿತು. ಅದಕ್ಕೇ ಲೀ ಇಲ್ಲ. ನಡುವೆ ಒಂದು ಅಲ್ಪವಿರಾಮ ಬಂತು. ‘ಮೈಂಟೈನ್ಡ್’ ತನ್ನದೇ ಆ್ಯಡ್ವರ್ಬ್ ತಂದುಕೊಂಡಿತು. ಎರಡೂ ಸರಿಯಾದ ವಾಕ್ಯಗಳೇ, ಆದರೆ ಅರ್ಥ ಬೇರೆ. ಒಂದರಲ್ಲಿ ಮನೆ ಚೆಂದ. ಇನ್ನೊಂದರಲ್ಲಿ ನೋಡಿಕೊಂಡ ರೀತಿ ಚೆಂದ. ಅವಳ ಮೊದಲ ವಾಕ್ಯ ಈ ಎರಡರ ನಡುವೆ ಸಿಕ್ಕಿಕೊಂಡಿತ್ತು.

ಅನುಮಾನ ಬಂದಾಗ ‘ಬಟ್’ನ ಎರಡು ಕಡೆಯನ್ನೂ ಬಿಡಿಸಿ, ಒಂದೊಂದಾಗಿ ಹೆಸರಿನ ಮುಂದೆ ಇಟ್ಟು ನೋಡಬೇಕು. ‘ಓಲ್ಡ್ ಹೌಸ್’, ನಿಲ್ಲುತ್ತದೆ. ‘ಬ್ಯೂಟಿಫುಲಿ ಮೈಂಟೈನ್ಡ್ ಹೌಸ್’, ನಿಲ್ಲುತ್ತದೆ. ಎರಡೂ ತಮ್ಮಷ್ಟಕ್ಕೆ ನಿಂತರೆ ಜೋಡಿಸಿದಾಗಲೂ ನಿಲ್ಲುತ್ತವೆ. ಒಂದು ಕಡೆ ಬರೀ ವಿಶೇಷಣ, ಇನ್ನೊಂದು ಕಡೆ ಆ್ಯಡ್ವರ್ಬ್ ಮತ್ತು ಪಾರ್ಟಿಸಿಪಲ್ ಅಂತ ಆಕಾರ ಬೇರೆ ಬೇರೆ ಆದರೂ ಪರವಾಗಿಲ್ಲ. ಇಬ್ಬರೂ ಒಂದೇ ಹೆಸರಿನ ಸೇವೆ ಮಾಡುತ್ತಿದ್ದರೆ ಸಾಕು.

ಆ್ಯಡ್ವರ್ಬಿನ ಕೈ ಎಷ್ಟು ದೂರ ಚಾಚುತ್ತದೆ ಅನ್ನುವುದೂ ತಿಳಿದಿರಬೇಕು. ‘ಬಟ್’ ಆದ ಮೇಲೆ ಬಂದ ಆ್ಯಡ್ವರ್ಬ್ ಹಿಂದಕ್ಕೆ ಹೋಗುವುದಿಲ್ಲ. ‘ಸ್ಮಾಲ್ ಬಟ್ ನೀಟ್ಲಿ ಅರೇಂಜ್ಡ್ ರೂಮ್’ ಅಂದಾಗ ‘ನೀಟ್ಲಿ’ಗೂ ‘ಸ್ಮಾಲ್’ಗೂ ಯಾವ ಸಂಬಂಧವೂ ಇಲ್ಲ. ಮುಂದಕ್ಕೆ ಮಾತ್ರ ಹೋಗಬಹುದು. ‘ಬ್ಯಾಡ್ಲಿ ಪ್ಲಾನ್ಡ್ ಆ್ಯಂಡ್ ಬಿಲ್ಟ್ ರೋಡ್’ ಅಂದರೆ ಯೋಜನೆಯೂ ಕೆಟ್ಟದು, ಕಟ್ಟಿದ್ದೂ ಕೆಟ್ಟದು ಅಂತ ಸಾಮಾನ್ಯವಾಗಿ ಅರ್ಥ ಮಾಡಿಕೊಳ್ಳುತ್ತಾರೆ. ‘ಆ್ಯಂಡ್’ ಬಾಗಿಲು ತೆರೆದಿಡುತ್ತದೆ. ‘ಬಟ್’ ಬಾಗಿಲು ಹಾಕುತ್ತದೆ. ‘ವೆಲ್ ಪ್ಲಾನ್ಡ್ ಬಟ್ ಬಿಲ್ಟ್’ ಅಂದರೆ ‘ವೆಲ್’ ಆ ಕಡೆ ದಾಟುವುದಿಲ್ಲ, ‘ಬಿಲ್ಟ್’ ಬರಿಗೈಯಲ್ಲಿ ನಿಲ್ಲುತ್ತದೆ. ‘ವೆಲ್ ಪ್ಲಾನ್ಡ್ ಬಟ್ ಬ್ಯಾಡ್ಲಿ ಬಿಲ್ಟ್’ ಅಂತ ಅದಕ್ಕೆ ತನ್ನದೇ ಆ್ಯಡ್ವರ್ಬ್ ಕೊಡಬೇಕು. ಎದುರುಬದುರು ನಿಲ್ಲಿಸುವುದೇ ‘ಬಟ್’ನ ಕೆಲಸ. ಒಂದೇ ಗುಣವನ್ನು ಎರಡೂ ಕಡೆಗೆ ಹಂಚಿದರೆ ಎದುರು ನಿಲ್ಲಿಸಲು ಏನೂ ಉಳಿಯುವುದಿಲ್ಲ.

‘ಬಟ್’ ಆದ ಮೇಲೆ ಎರಡು ಪಾರ್ಟಿಸಿಪಲ್ ಬಂದರೆ ಸ್ವಲ್ಪ ಹುಷಾರು. ‘ಓಲ್ಡ್ ಬಟ್ ರೀಸೆಂಟ್ಲಿ ಪೇಂಟೆಡ್ ಆ್ಯಂಡ್ ರಿಪೇರ್ಡ್ ಹೌಸ್’ ಅಂದರೆ ಬಣ್ಣವೂ ಇತ್ತೀಚಿನದು, ರಿಪೇರಿಯೂ ಇತ್ತೀಚಿನದು ಅಂತ ಓದುತ್ತಾರೆ. ರಿಪೇರಿ ಹತ್ತು ವರ್ಷ ಹಿಂದೆ ಆಗಿದ್ದರೆ ಅದು ತಪ್ಪು ಮಾಹಿತಿ. ‘ರಿಪೇರ್ಡ್ ಆ್ಯಂಡ್ ರೀಸೆಂಟ್ಲಿ ಪೇಂಟೆಡ್’ ಅಂತ ಜಾಗ ಬದಲಿಸಿದರೆ ಸರಿಯಾಯಿತು.

ನಾವು ಕನ್ನಡಿಗರು ಹೆಚ್ಚಾಗಿ ಜಾರುವುದು ‘ವೆರಿ’ ಮೇಲೆ. ನಮಗೆ ‘ತುಂಬಾ’ ಅನ್ನುವ ಒಂದೇ ಪದ ಎಲ್ಲದಕ್ಕೂ ಆಗುತ್ತದೆ. ತುಂಬಾ ಹಳೆಯ ಮನೆ, ತುಂಬಾ ಹಾಳಾದ ದೋಣಿ, ತುಂಬಾ ಗೌರವಿಸುವ ಮೇಷ್ಟ್ರು. ಹಾಗಾಗಿ ‘ವೆರಿ ಡ್ಯಾಮೇಜ್ಡ್’, ‘ವೆರಿ ರೆಸ್ಪೆಕ್ಟೆಡ್’ ಅಂತ ಬರೆದುಬಿಡುತ್ತೇವೆ. ‘ವೆರಿ’ ಪೂರ್ತಿ ವಿಶೇಷಣದ ಕಡೆಗೆ ವಾಲಿದ ಪದಗಳ ಜೊತೆ ಚೆನ್ನಾಗಿ ಹೋಗುತ್ತದೆ. ‘ವೆರಿ ಟೈರ್ಡ್’, ‘ವೆರಿ ಪ್ಲೀಸ್ಡ್’ ಸರಿ, ಯಾಕೆಂದರೆ ‘ಟೈರ್ಡ್’ ಈಗ ಮನಸ್ಸಿನ, ಮೈಯ ಒಂದು ಸ್ಥಿತಿ. ಅದನ್ನು ಯಾರೋ ಮಾಡಿದ ಕೆಲಸ ಅಂತ ನಾವು ನೋಡುವುದೇ ಇಲ್ಲ. ಇನ್ನೂ ಕ್ರಿಯೆಯ ವಾಸನೆ ಇರುವ ಪದಕ್ಕೆ ಬೇರೆ ಜೊತೆ ಬೇಕು. ‘ಬ್ಯಾಡ್ಲಿ ಡ್ಯಾಮೇಜ್ಡ್’, ‘ಹೈಲಿ ರೆಸ್ಪೆಕ್ಟೆಡ್’, ‘ಮಚ್ ಲವ್ಡ್’, ‘ವೈಡ್ಲಿ ರೆಡ್’, ‘ಡೀಪ್ಲಿ ರೂಟೆಡ್’, ‘ಹೆವಿಲಿ ಲೋಡೆಡ್’. ಯಾವುದಕ್ಕೆ ಯಾವುದು ಅನ್ನುವುದಕ್ಕೆ ಪೂರ್ತಿ ನಿಯಮ ಇಲ್ಲ. ಓದುತ್ತಾ ಓದುತ್ತಾ ಕಿವಿಗೆ ಹತ್ತಬೇಕು. ‘ಕಟ್ಟುನಿಟ್ಟಾಗಿ ಪಾಲಿಸಿದ’ ಅಂತ ಹೇಳುತ್ತೇವೆ, ‘ಗಟ್ಟಿಯಾಗಿ ಪಾಲಿಸಿದ’ ಅಂತ ಹೇಳುವುದಿಲ್ಲ. ಅದನ್ನು ನಮಗೆ ಯಾರೂ ಕಲಿಸಲಿಲ್ಲ ಅಲ್ವಾ?

ಇನ್ನು ಲೀ ಇದ್ದ ಮಾತ್ರಕ್ಕೆ ಆ್ಯಡ್ವರ್ಬ್ ಅಂತ ನಂಬಬಾರದು. ‘ಲವ್ಲಿ’, ‘ಫ್ರೆಂಡ್ಲಿ’, ‘ಹೋಮ್ಲಿ’ ಇವು ವಿಶೇಷಣಗಳು. ‘ಸ್ಮಾಲ್ ಬಟ್ ಲವ್ಲಿ ಡೆಕೊರೇಟೆಡ್ ರೂಮ್’ ಅಂತ ಬರೆದದ್ದನ್ನು ನಾನು ಹೋಟೆಲ್, ಹಾಲ್‌ಗಳ ಬೋರ್ಡುಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ಬೇಕಾದದ್ದು ‘ಬ್ಯೂಟಿಫುಲಿ ಡೆಕೊರೇಟೆಡ್’. ಅಕ್ಕನ ಮಗಳ ಪುಟದಲ್ಲಿ ‘ಸಿಂಪಲ್ ಬಟ್ ಹೋಮ್ಲಿ ಕುಕ್ಡ್ ಫುಡ್’ ಅಂತ ಇತ್ತು. ‘ಹೋಮ್ಲಿ’ ನಮ್ಮಲ್ಲಿ ಮನೆಯ ಹಾಗೆ ಅನ್ನುವ ಒಳ್ಳೆಯ ಅರ್ಥದ ಪದ. ಅಮೆರಿಕದಿಂದ ಬಂದವರಿಗೆ ಅದು ಅಷ್ಟೇನೂ ಚೆಂದವಿಲ್ಲದ ಮುಖ ಅನ್ನುವ ಅರ್ಥ ಕೊಡುತ್ತದೆ. ‘ಸಿಂಪಲ್ ಬಟ್ ಫ್ರೆಶ್ಲಿ ಕುಕ್ಡ್’ ಅಥವಾ ‘ಹೋಮ್-ಕುಕ್ಡ್’ ಅಂತ ತಿದ್ದಿದೆವು. ‘ಹೋಮ್-ಕುಕ್ಡ್’ನಲ್ಲಿ ಆ್ಯಡ್ವರ್ಬೇ ಇಲ್ಲ, ಹೆಸರೇ ಬಂದು ಪಾರ್ಟಿಸಿಪಲ್‌ಗೆ ಅಂಟಿದೆ. ಉಡುಪಿ ಸೀರೆಯನ್ನು ‘ಪ್ಲೇನ್ ಬಟ್ ಹ್ಯಾಂಡ್-ವೋವನ್’ ಅನ್ನುವುದೂ ಹೀಗೆಯೇ. ಕೈಯಲ್ಲಿ ನೇಯ್ದದ್ದು. ‘ಹ್ಯಾಂಡ್ಲಿ’ ಅಂತ ಪದವೇ ಇಲ್ಲ.

ಲೀ ಇಲ್ಲದ ಆ್ಯಡ್ವರ್ಬುಗಳೂ ಇವೆ. ‘ವೆಲ್’, ‘ಫಾಸ್ಟ್’, ‘ಹಾರ್ಡ್’. ಇದರಲ್ಲಿ ‘ಹಾರ್ಡ್’ ಒಂದನ್ನು ಮಾತ್ರ ನೆನಪಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಿ. ಮೀನುಗಾರನ ದುಡಿಮೆಯ ಬಗ್ಗೆ ‘ಎ ಸ್ಮಾಲ್ ಬಟ್ ಹಾರ್ಡ್-ಅರ್ನ್ಡ್ ಇನ್ಕಮ್’ ಅಂದರೆ ಕಡಿಮೆಯಾದರೂ ಕಷ್ಟಪಟ್ಟು ಗಳಿಸಿದ ಹಣ. ಅಲ್ಲಿ ಒಂದು ಲೀ ಜಾಸ್ತಿ ಹಾಕಿ ‘ಹಾರ್ಡ್ಲಿ ಅರ್ನ್ಡ್’ ಅಂದರೆ ಗಳಿಸಿದ್ದೇ ಇಲ್ಲ ಅನ್ನುವಷ್ಟು ಅಂತ ಆಗುತ್ತದೆ. ಇಡೀ ವರ್ಷ ಕಡಲಿಗೆ ಹೋದವನ ಬೆವರನ್ನು ಎರಡು ಅಕ್ಷರ ಒರೆಸಿಹಾಕುತ್ತವೆ. ‘ಲೇಟ್’ ತಡವಾಗಿ, ‘ಲೇಟ್ಲಿ’ ಇತ್ತೀಚೆಗೆ. ಇದೂ ಅದೇ ಥರ.

ಅಡ್ಡಗೆರೆ, ಅಂದರೆ ಹೈಫನ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಲೀ ಇದ್ದರೆ ಹೈಫನ್ ಬೇಡ. ಯಾವುದಕ್ಕೆ ಅಂಟಬೇಕು ಅಂತ ಲೀ ತಾನೇ ತೋರಿಸುತ್ತದೆ. ‘ವೆಲ್’ ಥರದ ಪದ ಹೆಸರಿನ ಮುಂದೆ ಬಂದರೆ ಹೈಫನ್ ಹಾಕುತ್ತಾರೆ: ‘ಎ ಸ್ಮಾಲ್ ಬಟ್ ವೆಲ್-ಲಿಟ್ ರೂಮ್’. ಹೆಸರಿನ ನಂತರ ಬಂದರೆ ಸಾಮಾನ್ಯವಾಗಿ ಬಿಡುತ್ತಾರೆ: ‘ದ ರೂಮ್ ಇಸ್ ಸ್ಮಾಲ್ ಬಟ್ ವೆಲ್ ಲಿಟ್’.

ಇಷ್ಟು ಹೊತ್ತು ‘ಬಟ್’ ಬಗ್ಗೆ ಹೇಳಿದೆ. ‘ಯೆಟ್’ ಕೂಡ ಹೀಗೇ ನಡೆಯುತ್ತದೆ. ‘ದೋ’, ‘ಆಲ್ದೋ’ ಮಾತ್ರ ಇನ್ನೊಂದು ಕೆಲಸವನ್ನೂ ಮಾಡುತ್ತವೆ. ‘ದೋ ಬ್ಯಾಡ್ಲಿ ಡ್ಯಾಮೇಜ್ಡ್, ದ ಬೋಟ್ ರೀಚ್ಡ್ ಮಲ್ಪೆ.’ ತುಂಬಾ ಹಾಳಾಗಿದ್ದರೂ ದೋಣಿ ಮಲ್ಪೆ ಮುಟ್ಟಿತು. ಇಲ್ಲಿ ‘ದೋ’ ಆದ ಮೇಲೆ ‘ಇಟ್ ವಾಸ್’ ಅನ್ನುವುದನ್ನು ನುಂಗಿಬಿಟ್ಟಿದ್ದಾರೆ. ನುಂಗಬಹುದು, ಒಂದು ಷರತ್ತಿನ ಮೇಲೆ. ಹಾಳಾದದ್ದು ಯಾವುದೋ ಅದೇ ಮುಂದಿನ ಭಾಗದ ಕರ್ತೃ ಆಗಿರಬೇಕು. ‘ದೋ ಬ್ಯಾಡ್ಲಿ ಡ್ಯಾಮೇಜ್ಡ್, ದ ಫಿಶರ್ಮೆನ್ ಬ್ರಾಟ್ ದ ಬೋಟ್ ಹೋಮ್’ ಅಂದರೆ ಹಾಳಾದವರು ಮೀನುಗಾರರು ಅಂತ ಆಗುತ್ತದೆ. ಅವರು ಸುರಕ್ಷಿತವಾಗಿ ಬಂದಿದ್ದಾರೆ, ದೋಣಿಗೆ ಪೆಟ್ಟಾದದ್ದು. ಕನ್ನಡದಲ್ಲಿ ‘ದೋಣಿ ಹಾಳಾಗಿದ್ದರೂ ಮೀನುಗಾರರು ಅದನ್ನು ದಡ ಸೇರಿಸಿದರು’ ಅಂತ ದೋಣಿಯನ್ನು ಮೊದಲೇ ಹೇಳಿಬಿಡುತ್ತೇವೆ, ಗೊಂದಲ ಇಲ್ಲ. ಇಂಗ್ಲಿಷಿನಲ್ಲೂ ಅನುಮಾನ ಇದ್ದರೆ ‘ದೋ ದ ಬೋಟ್ ವಾಸ್ ಬ್ಯಾಡ್ಲಿ ಡ್ಯಾಮೇಜ್ಡ್’ ಅಂತ ಪೂರ್ತಿ ಬರೆಯುವುದೇ ಒಳ್ಳೆಯದು.

ಇನ್ನೆರಡು ತಪ್ಪು ಇಲ್ಲೇ ಹುಟ್ಟುತ್ತವೆ. ‘ಆಲ್ದೋ’ ಹಾಕಿದ ಮೇಲೆ ಮತ್ತೆ ‘ಬಟ್’ ಹಾಕಬಾರದು. ನಾವು ‘ಹಾಳಾಗಿದ್ದರೂ’ ಅಂದ ಮೇಲೆ ಮತ್ತೆ ‘ಆದರೆ’ ಸೇರಿಸುತ್ತೇವಾ? ಅಲ್ಲೂ ಅಷ್ಟೇ. ಇನ್ನೊಂದು ‘ಡಿಸ್ಪೈಟ್’. ಅದರ ಅರ್ಥ ‘ದೋ’ ಹಾಗೆಯೇ ಕಂಡರೂ ಅದು ಹೆಸರನ್ನು ಬೇಡುವ ಪದ. ‘ಡಿಸ್ಪೈಟ್ ಬ್ಯಾಡ್ಲಿ ಡ್ಯಾಮೇಜ್ಡ್’ ಆಗುವುದಿಲ್ಲ. ‘ಡಿಸ್ಪೈಟ್ ಬೀಯಿಂಗ್ ಬ್ಯಾಡ್ಲಿ ಡ್ಯಾಮೇಜ್ಡ್’ ಅನ್ನಬೇಕು. ‘ಡಿಸ್ಪೈಟ್ ಆಫ್’ ಅಂತೂ ಎಲ್ಲೂ ಬೇಡ.

ಒಂದು ಉದಾಹರಣೆ ಹೇಳದೆ ಇರಲು ಮನಸ್ಸಾಗುವುದಿಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1430ರದ್ದು. ಆ ಕಂಬಗಳ ಮುಂದೆ ನಿಂತಾಗ ಮೊದಲು ಕಾಣುವುದು ದಪ್ಪ, ತೂಕ. ಹತ್ತಿರ ಹೋದರೆ ಕಲ್ಲಿನ ಮೇಲೆ ಎಳೆ ಎಳೆಯಾಗಿ ಬಿಡಿಸಿದ ಕೆತ್ತನೆ. ‘ಮ್ಯಾಸಿವ್ ಬಟ್ ಫೈನ್ಲಿ ಕಾರ್ವ್ಡ್ ಪಿಲ್ಲರ್ಸ್’. ದೂರದಿಂದ ಕಂಡದ್ದು ‘ಬಟ್’ನ ಈ ಕಡೆ, ಹತ್ತಿರದಿಂದ ಕಂಡದ್ದು ಆ ಕಡೆ. ‘ಕಾರ್ವ್ಡ್’ ಅಂದರೆ ಕೆತ್ತಿದ್ದು, ಅಷ್ಟೇ. ಶಿಲ್ಪಿಯ ಬೆರಳು ಇರುವುದು ‘ಫೈನ್ಲಿ’ಯಲ್ಲಿ.

ಒಂದು ವಾರ ಬಿಟ್ಟು ಅಕ್ಕನ ಮಗಳು ತಿದ್ದಿದ ಪುಟ ಕಳಿಸಿದಳು. ಮೊದಲ ಸಾಲಿನಲ್ಲಿ ‘ಬ್ಯೂಟಿಫುಲಿ’ ಇರಲಿಲ್ಲ. ನಾನು ಕೇಳಿದೆ, “ಅದನ್ನು ಎಂತಕ್ಕೆ ತೆಗೆದೆ ಮಾರಾಯ್ತಿ? ಸರಿಯಾಗಿತ್ತಲ್ಲ?”

“ಎಲ್ಲರೂ ಬ್ಯೂಟಿಫುಲಿ ಅಂತಲೇ ಹಾಕ್ತಾರೆ ಮಾಮ. ಭಾರ ಹೊರುವ ಪದ ಅದೇ ಅಂತ ನೀವೇ ಹೇಳಿದ್ದಲ್ವಾ? ಹಾಗಾದ್ರೆ ನಾವು ನಿಜವಾಗಿ ಎಂತ ಮಾಡ್ತೇವೆ ಅಂತ ಅಲ್ಲಿ ಬರೀಬೇಕು.”

ಪುಟ ಹೀಗಿತ್ತು. ‘ದ ಹೌಸ್ ಇಸ್ ಓಲ್ಡ್ ಬಟ್ ಕೇರ್‌ಫುಲಿ ಕೆಪ್ಟ್. ದ ರೂಮ್ಸ್ ಆರ್ ಸ್ಮಾಲ್ ಬಟ್ ವೆಲ್ ಲಿಟ್. ದ ಟೈಲ್ಸ್ ಆರ್ ಓಲ್ಡ್ ಬಟ್ ನ್ಯೂಲಿ ಲೇಯ್ಡ್.’ ಮೂರನೆಯದು ನನಗೆ ತಪ್ಪು ಅನಿಸಿತು. ಹಳೆಯ ಹೆಂಚು ಹೊಸದಾಗಿ ಹಾಸಿದ್ದು ಹೇಗೆ? ಕೇಳಿದ್ದಕ್ಕೆ ಹೇಳಿದಳು: ಮಳೆಗಾಲಕ್ಕೆ ಮೊದಲು ಹೆಂಚು ಪೂರ್ತಿ ಇಳಿಸಿ, ಪಾಚಿ ಉಜ್ಜಿ ತೆಗೆದು, ಒಡೆದದ್ದು ಬಿಟ್ಟು ಉಳಿದದ್ದನ್ನೇ ಮತ್ತೆ ಹಾಸಿದ್ದಾರೆ. ‘ನ್ಯೂಲಿ ಲೇಯ್ಡ್’ ಅಂದರೆ ಹೆಂಚು ಹೊಸತು ಅಂತ ಅಲ್ಲ, ಹಾಸಿದ್ದು ಹೊಸತು ಅಂತ. ಲೀ ಸರಿಯಾದ ಜಾಗಕ್ಕೇ ಅಂಟಿತ್ತು. ನಾನು ಏನೂ ತಿದ್ದಲಿಲ್ಲ.